ಗೊಟ್ಟ ಇಳಿಯುವವರೆಗೆ ಮಾತಿಲ್ಲ

ನನ್ನ ಗಂಡ ಶಿವನಂಜಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸಾರಿಗೆ ಉಪ್ಪು ಕಮ್ಮಿಯಾದರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅಂಥವನು ಆ ದಿನ ತುಟಿ ಬಿಚ್ಚಲಿಲ್ಲವಲ್ಲ, ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಅರವತ್ತೆಂಟನೇ ಇಸವಿಯ ಚಳಿಗಾಲ. ರಾಮಾಪುರದ ಪಕ್ಕದ ನಮ್ಮೂರಿನ ದನಗಳಿಗೆ ಶೀತ, ಕೆಮ್ಮು, ಉಬ್ಬಸ. ನಮ್ಮ ಜೋಡೆತ್ತಿನಲ್ಲಿ ಕರಿಯ ಆಗಲೇ ಸತ್ತಿತ್ತು. ಉಳಿದ ಕೆಂದ ಕತ್ತು ಚಾಚಿ, ನಾಲಗೆ ಹೊರಗೆ ಹಾಕಿ ಉಸಿರಿಗೆ ಒದ್ದಾಡುತ್ತಿತ್ತು. ಕರುವಾಗಿದ್ದಾಗಲೇ ನಾನು ತವರಿನಿಂದ ಹೊಡೆದುಕೊಂಡು ಬಂದದ್ದು ಅದು. ಅದು ಹೋದರೆ ನನಗೆ ಮಗ ಹೋದಂತೆಯೇ.

ಮೊದಲ ಬಸ್ಸಿಗೆ ಹನೂರಿಗೆ ಓಡಿ ದನದ ಡಾಕ್ಟರನ್ನು ಕಂಡೆ. ಇದು ವೈರಸ್ಸಿನ ಕಾಯಿಲೆ, ಮಧ್ಯಾಹ್ನ ಬಂದು ಇಂಜೆಕ್ಷನ್ ಕೊಡುತ್ತೇನೆ, ಉಳಿದರೂ ಉಳಿಯಬಹುದು ಅಂದರು. ಅಲ್ಲಿಯವರೆಗೆ ಬಾಯಿಗೆ ಏನೂ ಹೊಯ್ಯಬೇಡಿ, ಕೆಮ್ಮುವ ದನಕ್ಕೆ ಗೊಟ್ಟದ ಕೊಳವೆಯಲ್ಲಿ ಔಷಧಿ ಹೊಯ್ದರೆ ಅದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿದು ದನ ಸಾಯುತ್ತದೆ ಅಂದರು.

ಮನೆಗೆ ಬಂದರೆ ಇವನು ಕಾಡಂಚಿನಿಂದ ಸೊಪ್ಪು ತಂದು ಅರೆದು, ರಸವನ್ನು ಬಿದಿರಿನ ಗೊಟ್ಟಕ್ಕೆ ತುಂಬಿಕೊಂಡು ನಿಂತಿದ್ದಾನೆ. ಸೊಪ್ಪು ಕಿತ್ತವನು ಅದು ದನದ ಗಂಟಲಿಗೆ ಇಳಿಯುವವರೆಗೆ ಮಾತಾಡಬಾರದು. ಆಡಿದರೆ ಮದ್ದು ಕೆಟ್ಟಿತು, ಚೆಲ್ಲಿಬಿಡಬೇಕು. ಅವರ ಮನೆತನದ ಕಟ್ಟುಪಾಡು ಅದು. ಡಾಕ್ಟರು ಅಂದದ್ದನ್ನೆಲ್ಲ ಹೇಳಿದೆ. ಪಕ್ಕಕ್ಕೆ ಸರಿ ಎಂದು ಕಣ್ಣಲ್ಲೇ ಗದರಿದ. ಕೈ ಹಿಡಿದು ಎಳೆದೆ. ಅತ್ತೆ ಮಹಾದೇವಮ್ಮ ನನ್ನನ್ನು ತಬ್ಬಿ ಹಿಡಿದುಕೊಂಡರು.

"ಅವನ ಬಾಯಿ ಬುಡಿಸ್ಬ್ಯಾಡ ಕನವ್ವ, ಮದ್ದು ಕೆಟ್ಟೋಯ್ತದೆ."

ನನಗೆ ಬೇಕಾಗಿದ್ದೂ ಅದೇ. ಒಂದೇ ಒಂದು ಮಾತು ಆಡಿಸಿಬಿಟ್ಟರೆ ನನ್ನ ಕೆಂದ ಉಳಿದೀತು. ಗಂಡ ಅಂತಲೂ ನೋಡದೆ ಬೈದೆ. ಮೂಗ ಅಂದೆ, ಕೋಣ ಅಂದೆ, ನಿಮ್ಮಪ್ಪನ ಕಾಲದಿಂದಲೂ ಈ ಮನೆಯಲ್ಲಿ ಬುದ್ಧಿ ಇರುವವನು ಹುಟ್ಟಿಲ್ಲ ಅಂದೆ. ಅತ್ತೆಯನ್ನೂ ಬಿಡಲಿಲ್ಲ. ಬೇರೆ ದಿನವಾಗಿದ್ದರೆ ಸಿಗಿದು ಹಾಕುತ್ತಿದ್ದ. ಅವನ ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಹಲ್ಲು ಕಚ್ಚಿಕೊಂಡು ಕೆಂದನ ಮೂಗುದಾರ ಎತ್ತಿ ಹಿಡಿದು ಗೊಟ್ಟ ತುರುಕಿದ. ಅದು ಕೆಮ್ಮಿತು. ಇವನು ಬಿಡಲಿಲ್ಲ.

ಬರಿದಾದ ಗೊಟ್ಟ ಕೆಳಗಿಟ್ಟು ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟೇ ಇರಲಿಲ್ಲ.

"ಒಂದು ತೊಟ್ಟೂ ಚೆಲ್ನಿಲ್ಲ ಕಣಮ್ಮಿ. ಈಗ ಬಯ್ಯಿ, ಎಷ್ಟಾರ ಬಯ್ಯಿ. ನಿನ್ ಕೆಂದ ಉಳ್ಕತು."

ಅವನ ಬೆನ್ನ ಹಿಂದೆ ಕೆಂದನ ಎರಡೂ ಹೊಳ್ಳೆಗಳಿಂದ ಹಸಿರು ರಸ ಸುರಿಯುತ್ತಿತ್ತು. ಮುಂಗಾಲು ಮಡಿಸಿ ಅದು ಕುಸಿಯಿತು. ಅತ್ತೆಯ ಕೈ ಬಿಡಿಸಿಕೊಂಡು ಓಡಿ ಅದರ ತಲೆಯನ್ನು ಮಡಿಲಿಗೆ ಎತ್ತಿಕೊಂಡೆ.