ಬೇಸ್ ಕೇಳಿಸಲು ಬೇಕಾದಷ್ಟು ನೆಂಟರು

ನಾನು ಬೇಸ್ ಗಿಟಾರ್ ನುಡಿಸುತ್ತೇನೆ ಎಂಬುದನ್ನು ನಮ್ಮ ಮನೆಯವರು ನಂಬುತ್ತಾರೆ. ಆದರೆ ಕೇಳಿದವರು ಯಾರೂ ಇಲ್ಲ. ವೇದಿಕೆಯ ಮೇಲೆ ನನ್ನ ಬೆರಳು ಆಡುವುದನ್ನು ಎಲ್ಲರೂ ನೋಡಿದ್ದಾರೆ. ಆ ಬೆರಳಿನಿಂದ ಏನು ಬಂತು ಎಂದರೆ ಒಬ್ಬೊಬ್ಬರದು ಒಂದೊಂದು ಉತ್ತರ.

"ಏನೋ ಗುಂಯ್ ಅಂತಿತ್ತು ರೀ. ಅದು ನಿಮ್ದಾ, ಫ್ಯಾನಿಂದಾ ಗೊತ್ತಾಗ್ಲಿಲ್ಲ" ಎಂದಳು ಹೆಂಡತಿ. ಅವಳು ನನ್ನ ಪರವಾಗಿ ಮಾತಾಡುವವಳು.

ಅವಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಅಷ್ಟಕ್ಕೆ ನಿಲ್ಲುವವನಲ್ಲ. "ಗಿಟಾರಿಗೆ ಆರು ತಂತಿ ಇರುತ್ತೆ, ನಿಮಗೆ ನಾಲ್ಕೇ ಕೊಟ್ಟಿದಾರೆ. ಉಳಿದಿದ್ದು ಕೆಲಸ ಖಾಯಂ ಆದ್ಮೇಲೆ ಕೊಡ್ತಾರಾ ಷಡ್ಡಕ್ರೇ?"

ನಾನು ನಗುತ್ತೇನೆ. ನಗು ಮುಗಿದ ಮೇಲೆ, ಅವನು ಹೇಳಿದ್ದರಲ್ಲಿ ಸ್ವಲ್ಪ ನಿಜವಿರಬಹುದೇ ಎಂದು ಯೋಚಿಸುತ್ತೇನೆ.

ನಮ್ಮ ತಂಡದಲ್ಲಿ ನಾಲ್ವರಿದ್ದೇವೆ. ಕೀಬೋರ್ಡ್ ನುಡಿಸುತ್ತಾ ಹಾಡುವವನೇ ಲೀಡರ್, ಏಕೆಂದರೆ ವ್ಯಾನ್ ಅವನದು. ಡ್ರಮ್ ಬಾರಿಸುವವನಿಗೆ ಗುಡುಗಪ್ಪ ಎಂದು ಹೆಸರಿಟ್ಟಿದ್ದೇವೆ. ಸೌಂಡ್ ನೋಡಿಕೊಳ್ಳುವವನು ಸೌಂಡಣ್ಣ. ನಾಲ್ಕನೆಯವನು ನಾನು. ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತಾ "ಇದು ಸ್ಪಷ್ಟವಾ, ಇದು ಸ್ಪಷ್ಟವಾ?" ಎಂದು ಕೇಳುವುದು ನನ್ನ ಕೆಲಸ. ಅವರು ಸ್ಪಷ್ಟ ಎಂದರೂ ನನಗೆ ಸಮಾಧಾನವಾಗುವುದಿಲ್ಲ, ಇನ್ನೊಮ್ಮೆ ಕೇಳುತ್ತೇನೆ. ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೂ ಕ್ಷಮಿಸಿ ಎನ್ನುವುದು ನಾನೇ. ಆ ನಾಲ್ಕು ತಂತಿಯ ಹಿಂದೆ ನಿಂತಾಗ ಮಾತ್ರ ಯಾರ ಕ್ಷಮೆಯನ್ನೂ ಕೇಳಬೇಕೆನಿಸುವುದಿಲ್ಲ.

ಹಾಗಿರುವಾಗ ಲೀಡರ್ ಒಂದು ದಿನ ನನ್ನನ್ನು ವ್ಯಾನಿನ ಪಕ್ಕಕ್ಕೆ ಕರೆದ.

"ನೋಡಪ್ಪಾ, ನಿನ್ನ ಬೇಸ್ ಒಂದೋ ಸ್ವರವೆಲ್ಲ ಕಲಸಿ ಕೆಸರಾಗುತ್ತೆ, ಇಲ್ಲಾ ಕಾಣೆಯಾಗುತ್ತೆ. ಶನಿವಾರ ಟೈರ್ ಕಾರ್ಖಾನೆಯವರ ವಾರ್ಷಿಕ ಕೂಟ. ಅಲ್ಲೂ ಹೀಗೇ ಆದ್ರೆ, ಮುಂದಿನ ಶೋದಿಂದ ಬೇಸ್ ನಾನೇ ಎಡಗೈಯಲ್ಲಿ ನುಡಿಸ್ತೀನಿ. ಈಗಲೂ ನನ್ನ ಎಡಗೈ ಮೆತ್ತಗೆ ಅದನ್ನೇ ನುಡಿಸ್ತಿರುತ್ತೆ. ಒಂದಿಷ್ಟು ಜೋರು ಮಾಡಿದ್ರೆ ಆಯ್ತು."

ನನ್ನ ಜಾಗಕ್ಕೆ ಬೇರೊಬ್ಬ ಮನುಷ್ಯ ಬರುತ್ತಾನೆ ಎಂದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಒಂದು ಕೈ ಬರುತ್ತದೆ ಎಂದ. ಅದೂ ಎಡದ್ದು.

ಸೌಂಡಣ್ಣನ ಹತ್ತಿರ ಓಡಿದೆ. ಅವನು ಕಡಲೆಕಾಯಿ ಸುಲಿಯುತ್ತಾ ಕೂತಿದ್ದ. ಶೋಗೆ ಮುಂಚೆ ಖಾಲಿ ಹಾಲ್‌ನಲ್ಲಿ ಎಲ್ಲವನ್ನೂ ಸರಿ ಮಾಡಿಕೊಂಡರೂ ಜನ ಬಂದ ಮೇಲೆ ನನ್ನ ಬೇಸ್ ಎಲ್ಲಿ ಹೋಗುತ್ತದೆ ಎಂದು ಕೇಳಿದೆ.

"ಜನ ಕುಡೀತಾರೆ."

"ಏನು?"

"ಸೌಂಡು. ಬಟ್ಟೆ, ಮೈ, ತಲೆಕೂದಲು ಎಲ್ಲಾ ಸೇರಿ ಹೀರಿಕೊಳ್ಳುತ್ತೆ. ಖಾಲಿ ಹಾಲ್‌ನಲ್ಲಿ ಗುಂಯ್‌ಗುಡುತ್ತೆ ಅಂತ ನೀನು ಕಮ್ಮಿ ಮಾಡ್ತೀಯ. ಜನ ತುಂಬಿದ್ರೆ ಇದ್ದಿದ್ದೂ ಹೋಗುತ್ತೆ. ಹೆದರಿಕೊಂಡು ಜೋರು ಮಾಡಿದ್ರೆ ಕೆಸರು."

"ಹಾಗಾದ್ರೆ ಏನ್ಮಾಡೋದು?"

"ಜನ ಬಂದ್ಮೇಲೆ ನೋಡಿಕೊಳ್ಳೋಣ ಬಿಡು" ಎಂದು ಸಿಪ್ಪೆ ಊದಿದ.

ಅವನು ಆ ಮಾತನ್ನು ಎಲ್ಲರಿಗೂ ಹೇಳುತ್ತಾನೆ, ಎಂದೂ ನೋಡಿಕೊಂಡಿಲ್ಲ. ಆದರೆ ನನಗೆ ಅದು ತಲೆಗೆ ಹೊಕ್ಕಿತು. ಜನ ಬಂದ ಮೇಲೆ ಗೊತ್ತಾಗುವುದಾದರೆ, ಜನರನ್ನು ಮೊದಲೇ ಕರೆತಂದರೆ ಆಯಿತಲ್ಲ. ಪ್ರಶ್ನೆ ಒಂದೇ: ಶೋ ಇಲ್ಲದ ಹೊತ್ತಿನಲ್ಲಿ, ಹಾಡೂ ಇಲ್ಲದೆ, ಖಾಲಿ ಹಾಲ್‌ನಲ್ಲಿ ಸುಮ್ಮನೆ ಬಂದು ಕೂತುಕೊಳ್ಳುವವರು ಯಾರಿದ್ದಾರೆ?

ನೆಂಟರು.

ಕರೆಯುವಾಗ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನೀವು ಏನೂ ಮಾಡಬೇಕಿಲ್ಲ, ದನಿ ಹೀರಿಕೊಂಡರೆ ಸಾಕು. ದಪ್ಪ ಬಟ್ಟೆ ಹಾಕಿಕೊಂಡು ಬಂದರೆ ಉಪಕಾರ, ಏಕೆಂದರೆ ನಮ್ಮಲ್ಲಿ ಜನ ಕಮ್ಮಿ, ಹಾಲ್ ದೊಡ್ಡದು. ಒಬ್ಬೊಬ್ಬರೂ ಮೂರು ನಾಲ್ಕು ಜನರ ಕೆಲಸ ಮಾಡಬೇಕು.

ಅತ್ತೆ, ಅಂದರೆ ಹೆಂಡತಿಯ ತಾಯಿ, ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. "ಅಳಿಯಂದ್ರೇ, ನಾನೇನು ಹಾಸಿಗೆನಾ?"

"ಅಯ್ಯೋ, ಹಾಗಲ್ಲ ಅತ್ತೆ..."

"ಬರ್ತೀನಿ ಬಿಡಿ. ಈ ಮನೇಲಿ ಇಷ್ಟು ವರ್ಷ ಎಲ್ಲರ ಮಾತೂ ಹೀರಿಕೊಂಡಿಲ್ವಾ? ನಿಮ್ಮ ಗಿಟಾರ್ ಒಂದು ಜಾಸ್ತಿನಾ?"

ಶನಿವಾರ ಮಧ್ಯಾಹ್ನ ಅವರೆಲ್ಲ ವ್ಯಾನಿಗಿಂತ ಮೊದಲೇ ಬಂದಿದ್ದರು. ಹೊರಗೆ ಸುಡುಬಿಸಿಲು. ಅತ್ತೆ ಎರಡು ಶಾಲು ಹೊದ್ದಿದ್ದರು. ದೊಡ್ಡಪ್ಪ ಚಳಿಗಾಲದ ಕೋಟು, ದೊಡ್ಡಮ್ಮ ಅದರ ಜೊತೆಯ ಟೋಪಿ. ಚಿಕ್ಕಪ್ಪನ ಮಕ್ಕಳು ಕಂಬಳಿಯೊಂದನ್ನು ಇಬ್ಬರೂ ಸೇರಿ ಹೊದ್ದು ನಾಲ್ಕು ಕಾಲಿನ ಪ್ರಾಣಿಯಂತೆ ಓಡಾಡುತ್ತಿದ್ದರು. ಷಡ್ಡಕ ಕುತ್ತಿಗೆವರೆಗಿನ ಉಣ್ಣೆಯ ಸ್ವೆಟರ್ ಹಾಕಿಕೊಂಡು ಬೆವರು ಸುರಿಸುತ್ತಾ, "ಕಲೆಗೋಸ್ಕರ ಷಡ್ಡಕ್ರೇ, ಬರೀ ಕಲೆಗೋಸ್ಕರ" ಎಂದ.

ಹಾಲ್ ಒಳಗೆ ದನಿ ಹೀರುವಂಥದ್ದು ಒಂದೂ ಇರಲಿಲ್ಲ. ಟೈಲ್ಸ್ ನೆಲ, ಎರಡೂ ಬದಿಗೆ ಗಾಜಿನ ಕಿಟಕಿ, ತಗಡಿನ ಮಾಡು. ದೊಡ್ಡಪ್ಪ ಒಮ್ಮೆ ಸೀನಿದ್ದು ಗೋಡೆಯಿಂದ ಗೋಡೆಗೆ ಹೋಗಿ ಬಂದು ಅವರನ್ನೇ ಬೆಚ್ಚಿಬೀಳಿಸಿತು.

ಲೀಡರ್ ಬಂದವನು ಬಾಗಿಲಲ್ಲೇ ನಿಂತ. "ಯಾರಿವರೆಲ್ಲ? ಎಲ್ಲರಿಗೂ ಜ್ವರನಾ?"

"ನಮ್ಮವರು. ಹೀರಿಕೊಳ್ಳೋಕೆ" ಎಂದೆ.

ಅವನು ಏನೋ ಹೇಳಲು ಬಾಯಿ ತೆರೆದ. ಅತ್ತೆ ನಮಸ್ಕಾರ ಮಾಡಿದರು. ಅವನೂ ಬಾಯಿ ಮುಚ್ಚಿ ನಮಸ್ಕಾರ ಮಾಡಿದ.

ನಾನು ನೆಂಟರನ್ನು ಹಾಲ್ ತುಂಬಾ ಹರಡಿ ಕೂರಿಸಿದೆ. ನನ್ನ ಸ್ಪೀಕರ್ ಪೆಟ್ಟಿಗೆಯನ್ನು ಗೋಡೆಯ ಮೂಲೆಯಿಂದ ಮುಂದಕ್ಕೆ ಎಳೆದು ಕುರ್ಚಿಯ ಮೇಲೆ ಇಟ್ಟೆ, ನೆಲ ಅದುರದಿರಲಿ ಎಂದು. ಆಮೇಲೆ ಅಂಗಡಿಯಲ್ಲಿ ಮಾಡುವ ಹಾಗೇ ಶುರು ಮಾಡಿದೆ. ಒಂದು ಗುಂಡಿ ತಿರುಗಿಸಿ ನುಡಿಸುವುದು, ಹಿಂದಕ್ಕೆ ತಿರುಗಿಸಿ ಮತ್ತೆ ನುಡಿಸುವುದು.

"ಇದು ಸ್ಪಷ್ಟವಾ, ಇದು ಸ್ಪಷ್ಟವಾ?"

"ಮೊದಲನೇದು" ಎಂದರು ದೊಡ್ಡಪ್ಪ.

"ಎರಡನೇದು" ಎಂದರು ದೊಡ್ಡಮ್ಮ. ಅವರು ಮದುವೆಯಾದಾಗಿನಿಂದ ಹಾಗೆಯೇ.

"ಎರಡರಲ್ಲೂ ವ್ಯತ್ಯಾಸ ಇದೆಯೇನ್ರೀ?" ಎಂದಳು ಹೆಂಡತಿ.

ಬಹಳ ಹೊತ್ತು ಹೀಗೇ ನಡೆಯಿತು. ಕೊನೆಗೆ ಒಂದು ವಿಚಿತ್ರ ಗೊತ್ತಾಯಿತು. 'ಬೇಸ್' ಎಂದು ಬರೆದಿರುವ ತಗ್ಗು ದನಿಯ ಗುಂಡಿಯನ್ನು ಇಳಿಸಿ, ನಡುವಿನ ದನಿಯ ಗುಂಡಿಯನ್ನು ಏರಿಸಿದರೆ ಬೇಸ್ ಹೆಚ್ಚು ಕೇಳುತ್ತಿತ್ತು.

"ಬೇಸ್ ಗಿಟಾರಲ್ಲಿ ಬೇಸ್ ತೆಗೆದರೆ ಇನ್ನೇನು ಉಳೀತು, ಹೆಗಲಿಗೆ ಹಾಕೋ ಪಟ್ಟಿನಾ?" ಎಂದ ಷಡ್ಡಕ. ಆದರೆ ನಾನು ನುಡಿಸಿದ ಕೂಡಲೇ ಅವನು ತಲೆಯೆತ್ತಿದ. "ಏಯ್, ಅದು... ಅದು ನೀವಾ?"

ಹೌದು, ನಾನೇ. ಒಂದೊಂದು ಸ್ವರವೂ ಬೇರೆ ಬೇರೆಯಾಗಿ, ದುಂಡಗೆ ಹಾಲ್‌ನ ಕೊನೆಯ ಕುರ್ಚಿಯವರೆಗೆ ಹೋಗುತ್ತಿತ್ತು. ಗುಡುಗಪ್ಪ ಬಾರಿಸುವುದನ್ನು ನಿಲ್ಲಿಸಿ ಕೇಳಿದ. ಸೌಂಡಣ್ಣ ಕಡಲೆಕಾಯಿಯ ಪೊಟ್ಟಣ ಮಡಿಸಿಟ್ಟ. ಲೀಡರ್ ಕೂಡ, "ಪರವಾಗಿಲ್ವೇ" ಎಂದ. ನಾನು ಗುಂಡಿಗಳು ಅಲುಗದಂತೆ ಟೇಪ್ ಅಂಟಿಸಿದೆ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಇದು ಸಂತೋಷ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಒಂದು ಹಾಡು ಪೂರ್ತಿ ಹೊಡೆದು ನೋಡೋಣ" ಎಂದ ಲೀಡರ್. ಪ್ರತಿ ಶೋದಲ್ಲೂ ಕೊನೆಗೆ ಹಾಡುವ ಹಳೆಯ ಪ್ರೇಮಗೀತೆಯನ್ನು ತೆಗೆದುಕೊಂಡೆವು. ಅದನ್ನು ನಿದ್ದೆಯಲ್ಲೂ ನುಡಿಸಬಲ್ಲೆವು. ಮುಗಿದ ಮೇಲೆ ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರೂ ಉಣ್ಣೆಯ ಕೈಗವಸನ್ನೂ ಹಾಕಿಕೊಂಡು ಬಂದಿದ್ದರಿಂದ ಅದು ಮೆತ್ತಗೆ ಕೇಳಿತು.

ಅತ್ತೆ ಮಾತ್ರ ತಟ್ಟಲಿಲ್ಲ. "ಅಳಿಯಂದ್ರೇ, ಎಲ್ಲಾ ಚೆನ್ನಾಗಿತ್ತು. 'ಬಂದೆಯಾ' ಅಂತ ಹಾಡು ಮೇಲಕ್ಕೆ ಹೋಗುತ್ತಲ್ಲ, ಅಲ್ಲಿ ಏನೋ ಕಲ್ಲು ಕಡಿದ ಹಾಗಾಗುತ್ತೆ. ಮೂರು ಸಲವೂ ಆಯ್ತು."

ನಾನು ಮೊಬೈಲ್‌ನಲ್ಲಿ ಮೂಲ ಹಾಡನ್ನು ಹಾಕಿ ಕಿವಿಗೆ ಒತ್ತಿಕೊಂಡೆ. ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳ ನಡುವಿನ ಜಾಗಕ್ಕೆ ನಾವು ಮನೆ ಎನ್ನುತ್ತೇವೆ. 'ಬಂದೆಯಾ' ಬಂದಾಗ ನನ್ನ ಬೆರಳು ಇರಬೇಕಾದ ಮನೆ ಒಂದು. ಅದು ವರ್ಷಾನುಗಟ್ಟಲೆ ಹೋಗುತ್ತಿದ್ದದ್ದು ಪಕ್ಕದ ಮನೆಗೆ.

ಲೀಡರ್ ನನ್ನ ಮುಖ ನೋಡಿಯೇ ತಿಳಿದುಕೊಂಡ. "ಇಷ್ಟು ವರ್ಷ! ಅಲ್ಲಪ್ಪಾ, ಇಷ್ಟು ವರ್ಷ ತಪ್ಪು ಸ್ವರನಾ? ಕೆಸರಲ್ಲಿ ಮುಚ್ಚಿಹೋಗ್ತಿತ್ತು!" ಎಂದು ಜಯಿಸಿದವನಂತೆ ಟೀ ಕುಡಿಯಲು ಹೋದ.

ನಾನು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು.

"ಟೇಪ್ ಕಿತ್ತು ಕೆಸರು ಮಾಡಿಬಿಟ್ರೆ ತಪ್ಪು ಯಾರಿಗೂ ಕೇಳಲ್ಲ, ಆದ್ರೆ ತಂಡದಿಂದ ಹೊರಗೆ. ಸ್ಪಷ್ಟವಾಗಿಟ್ರೆ ತಪ್ಪು ಎಲ್ಲರಿಗೂ ಕೇಳುತ್ತೆ, ಮಾನ ಹೋಗುತ್ತೆ, ಆಮೇಲೆ ತಂಡದಿಂದ ಹೊರಗೆ" ಎಂದೆ.

ಅವಳು ಕೇಳಿದಳು: "ಸರಿಯಾಗಿ ನುಡಿಸಿದ್ರೆ?"

ಅದೊಂದು ನನಗೆ ಹೊಳೆದಿರಲಿಲ್ಲ.

ಸಂಜೆಯವರೆಗೆ ಆ ಒಂದು ಜಾಗವನ್ನೇ ನುಡಿಸಿದೆ. ಬೆರಳಿಗೆ ಅಭ್ಯಾಸ ಬಲ. ಗೋಗರೆದರೂ ಹಳೆಯ ಮನೆಗೇ ಹೋಗುತ್ತಿತ್ತು. ಕೊನೆಗೆ ಸರಿಯಾದ ಮನೆಯ ಪಕ್ಕದಲ್ಲಿ ಕತ್ತಿನ ಬದಿಗೆ ಟೇಪಿನ ಚೂರೊಂದನ್ನು ಅಂಟಿಸಿದೆ.

ಕಾರ್ಖಾನೆಯವರು ಬಂದರು, ಕುರ್ಚಿಗಳು ತುಂಬಿದವು. ನೆಂಟರನ್ನು ಏಳಿಸುವುದೇ ಕಷ್ಟವಾಯಿತು. "ನಾವು ಎದ್ರೆ ಅಳಿಯಂದ್ರ ಬೇಸ್ ಹಾಳಾಗುತ್ತೆ" ಎಂದು ಅತ್ತೆ ಕಾರ್ಖಾನೆಯ ಮ್ಯಾನೇಜರಿಗೇ ಹೇಳಿದರು. ಆಮೇಲೆ ಎಲ್ಲರೂ ಸ್ವೆಟರ್ ಸಮೇತ ಗೋಡೆಗೆ ಒರಗಿ ನಿಂತರು, ಗಾಜಿನ ಕಿಟಕಿಗಳನ್ನು ಮೈಯಿಂದ ಮುಚ್ಚಿಕೊಂಡು. ನಾನು ಹೇಳಿರಲಿಲ್ಲ, ಅವರಿಗೇ ತೋಚಿತ್ತು.

ಶೋ ಶುರುವಾಯಿತು. ಬೇಸ್ ಗಟ್ಟಿಯಾಗಿ ನೆಲೆ ನಿಂತಿತು. ಒಂದು ಹಾಡು, ಎರಡು ಹಾಡು, ಹತ್ತಾರು ಹಾಡು. ಕೆಸರೂ ಇಲ್ಲ, ಕಾಣೆಯೂ ಇಲ್ಲ. ಜನ ಕಾಲು ಕುಣಿಸುತ್ತಿದ್ದರು. ನಾನು ಮಾತ್ರ ಕೊನೆಯ ಹಾಡನ್ನು ಪರೀಕ್ಷೆಗೆ ಕಾಯುವವನಂತೆ ಕಾಯುತ್ತಿದ್ದೆ.

ಅದೂ ಬಂತು. 'ಬಂದೆಯಾ' ಹತ್ತಿರವಾಯಿತು. ಟೇಪಿನ ಚೂರನ್ನೇ ನೋಡುತ್ತಾ ಬೆರಳಿಟ್ಟೆ.

ಕಟಕ್ಕೆಂದು ಕಲ್ಲು ಕಡಿದ ದನಿ ಹಾಲ್ ತುಂಬಾ ಕೇಳಿತು. ಮೊದಲಿಗಿಂತ ಕೆಟ್ಟದಾಗಿ.

ಮುಂದಿನ ಸಾಲಿನವರು ನನ್ನತ್ತ ನೋಡಿದರು. ಷಡ್ಡಕ ಕಣ್ಣು ಮುಚ್ಚಿಕೊಂಡ. ನಾನು ಬೆರಳು ನೋಡಿದೆ. ಅದು ಟೇಪಿನ ಪಕ್ಕದಲ್ಲೇ, ಸರಿಯಾದ ಮನೆಯಲ್ಲೇ ಇತ್ತು. ಹಾಗಾದರೆ ಟೇಪೇ ತಪ್ಪೋ? ಮೂಲ ಹಾಡೇ ತಪ್ಪೋ? ನನ್ನ ಅನುಮಾನ ಅಲ್ಲಿಯವರೆಗೂ ಹೋಯಿತು.

ಎರಡನೆಯ ಸಲ ಬಂತು. ಮತ್ತೆ ಅದೇ. ಆಗ ಹಿಂದಿನಿಂದ ಗುಡುಗಪ್ಪ ಕೂಗಿದ: "ಏಯ್, ನಿಂದಲ್ಲ ಕಣೋ! ಅವನ್ದು! ಎಡಗೈ ನೋಡು!"

ನೋಡಿದೆ. ಲೀಡರ್‌ನ ಬಲಗೈ ಕೀಬೋರ್ಡಿನ ಮೇಲೆ ಸರಾಗವಾಗಿ ಓಡುತ್ತಿತ್ತು. ಎಡಗೈ, ನನಗೆ ಚಿರಪರಿಚಿತವಾದ ಆ ಹಳೆಯ ತಪ್ಪು ಸ್ವರವನ್ನು ಬಹಳ ನಿಷ್ಠೆಯಿಂದ ಒತ್ತುತ್ತಿತ್ತು. ಇಷ್ಟು ವರ್ಷವೂ ಆ ಕೈ ಬೇಸ್ ಕಲಿತದ್ದು ನನ್ನ ಬೆರಳು ನೋಡಿಯೇ. ಇಬ್ಬರೂ ಒಟ್ಟಿಗೆ ತಪ್ಪುತ್ತಿದ್ದಾಗ ಕೆಸರಿನಲ್ಲಿ ಗೊತ್ತಾಗಿರಲಿಲ್ಲ. ಈಗ ನಾನೊಬ್ಬನೇ ಸರಿಹೋಗಿದ್ದೆ.

ಲೀಡರ್ ಹಾಡುತ್ತಲೇ ನನ್ನ ಬೆರಳು ನೋಡಿದ. ತನ್ನ ಕೈ ನೋಡಿದ. ಹಾಡುವಾಗ ಮುಖ ಪ್ರೇಮದಿಂದ ಇರಬೇಕು, ಪಾಪ. ಕಷ್ಟಪಟ್ಟು ಹಾಗೇ ಇಟ್ಟುಕೊಂಡ. ಮೂರನೆಯ 'ಬಂದೆಯಾ' ಬರುವ ಮೊದಲು ಎಡಗೈಯನ್ನು ಮೇಲೆತ್ತಿ, ಒಂದು ಕ್ಷಣ ಎಲ್ಲಿಡುವುದೆಂದು ತೋಚದೆ ಗಾಳಿಯಲ್ಲಿ ಹಿಡಿದು, ಮೆಲ್ಲಗೆ ಪ್ಯಾಂಟಿನ ಜೇಬಿಗೆ ಸೇರಿಸಿದ.

ಮೂರನೆಯ ಸಲ ನನ್ನ ಸ್ವರ ಒಂದೇ, ಒಂಟಿಯಾಗಿ, ಹಾಲ್‌ನ ಕೊನೆಯವರೆಗೂ ಹೋಯಿತು. ಕಲ್ಲು ಸಿಗಲಿಲ್ಲ.

ಶೋ ಮುಗಿದು ವೈರುಗಳನ್ನು ಸುತ್ತುತ್ತಿದ್ದಾಗ ಲೀಡರ್ ನನ್ನ ಪಕ್ಕದಿಂದ ಹಾದುಹೋದ. "ಮುಂದಿನ ಭಾನುವಾರ ಶೋ ಇದೆ. ಬೇಗ ಬಾ" ಎಂದ. ಮುಖ ನೋಡಲಿಲ್ಲ. ನಿಂತು ಯೋಚಿಸಿ, "ಅವರನ್ನೂ ಕರ್ಕೊಂಡು ಬಾ" ಎಂದ. ಎಡಗೈ ಇನ್ನೂ ಜೇಬಿನಲ್ಲೇ ಇತ್ತು.

ಅತ್ತೆ ಶಾಲು ಮಡಚುತ್ತಾ ದೂರದಿಂದ ಅವನನ್ನೇ ನೋಡುತ್ತಿದ್ದರು. "ಪಾಪ, ಆ ಹುಡುಗನ ಎಡಗೈಗೆ ಏನೋ ಆಗಿದೆ. ಆಗಿನಿಂದ ಹೊರಗೇ ತೆಗೆದಿಲ್ಲ." ಚೀಲದಲ್ಲಿ ತಡಕಾಡಿ ನೋವಿನ ಮುಲಾಮಿನ ಡಬ್ಬಿ ಕೊಟ್ಟರು. "ಹಚ್ಚಿಕೊಳ್ಳೋಕೆ ಹೇಳಿ ಅಳಿಯಂದ್ರೇ."

ಕೊಡಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಹಿರಿಯರು ಕೊಟ್ಟದ್ದನ್ನು ತಲುಪಿಸದಿರುವುದು ಸರಿಯಲ್ಲ ಎನಿಸಿ ವ್ಯಾನಿನವರೆಗೂ ಹೋಗಿ ಕೊಟ್ಟೆ. ಅವನು ಡಬ್ಬಿಯನ್ನೂ ನನ್ನನ್ನೂ ನೋಡಿ, ಬಲಗೈ ಚಾಚಿ ತೆಗೆದುಕೊಂಡ.