ಬೈತುಲ್ ಮುಖದ್ದಸಿನ ಬಡಗಿ

"ತಲೆ ಯಾವ ಕಡೆಗೆ ಇಡುವುದು?"

ಗುಂಡಿಯೊಳಗೆ ನಿಂತಿದ್ದ ಭಟ್ಕಳದ ಇಕ್ರಾಮುಲ್ಲಾ ಯಾರನ್ನೂ ಕೇಳಿದ್ದಲ್ಲ; ಮಣ್ಣಿನೊಡನೆ ಆಡಿದ ಮಾತಿನಂತಿತ್ತು. ಉತ್ತರಕ್ಕೆ ಕಾಯದೆ ಅವನ ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಬಿಳಿ ಬಟ್ಟೆ ಸುತ್ತಿದ ದೇಹವನ್ನು ಬಲಮಗ್ಗುಲಿಗೆ ಹೊರಳಿಸಿ, ಕೆನ್ನೆ ಮಣ್ಣಿಗೆ ತಾಗಲೆಂದು ಮುಖದ ಬಟ್ಟೆ ಸಡಿಲಿಸಿತು. ಊರವರ ಎಷ್ಟೋ ಮಯ್ಯತ್ತುಗಳನ್ನು ಗೋರಿಯಲ್ಲಿ ಮಲಗಿಸಿದ ಕೈ ಅದು.

"ಏ ಮಾರಾಯ, ಹಾಗಲ್ಲ!" ದಡದ ಮೇಲಿದ್ದ ಅಬ್ದುಲ್ಲ ಕುಂಞಿ ಬಗ್ಗಿದ. "ಜರಿಯಸ್ ಕಾಕ ಕ್ರಿಶ್ಚಿಯನ್ ಅಲ್ವಾ? ಅವರಲ್ಲಿ ಅಂಗಾತ ಮಲಗಿಸುದು. ಕಾಲು ಪೂರ್ವಕ್ಕೆ."

"ನನ್ನ ಕೈಗೆ ಅದೆಲ್ಲ ಎಂತ ಗೊತ್ತು? ಇನ್ನು ಸ್ವಲ್ಪ ಬಿಟ್ಟಿದ್ರೆ ಮುದುಕನನ್ನು ಭಟ್ಕಳದ ಜಮಾಅತಿಗೇ ಸೇರಿಸಿಬಿಡ್ತಿದ್ದೆ."

ಜಿದ್ದಾದಲ್ಲಿ ಬೇರೆ ಧರ್ಮದವರಿಗೆಂದೇ ಇರುವ, ಸುತ್ತ ಗೋಡೆಯ ಆ ಸ್ಮಶಾನದಲ್ಲಿ ಬೆಳಿಗ್ಗೆ ಇದ್ದದ್ದು ಅವರಿಬ್ಬರು ಮತ್ತು ಗುಂಡಿ ತೋಡಿದವನು. ಚರ್ಚೇ ಇಲ್ಲದ ಆ ನಾಡಿನಲ್ಲಿ ಪಾದ್ರಿ ಇರಲಿಲ್ಲ. ಜರಿಯಸನ ಮಗಳು ಮರ್ಯಮ್‌ಗೆ ಜೆರುಸಲೇಮಿನಿಂದ ಬರಲಾಗಿರಲಿಲ್ಲ. ಅಬ್ದುಲ್ಲ ಕುಂಞಿಯ ಅಂಗೈಯ ಫೋನಿನಲ್ಲಿ ಅವಳ ಉಸಿರಷ್ಟೇ ಕೇಳುತ್ತಿತ್ತು. ಕೊನೆಗೆ ಅವಳು ಅರಬಿಯಲ್ಲಿ ಅಂದಳು:

"ಚಿಕ್ಕಪ್ಪಾ, ಅಪ್ಪ ನಿಮಗೆ ಕಲಿಸಿದ್ದನ್ನು ಹೇಳಿ. ನನಗೂ ಕೇಳಿಸಲಿ. ಒಂದು ಮಾತೂ ಇಲ್ಲದೆ ಅಪ್ಪನನ್ನು ಮುಚ್ಚಬೇಡಿ."

*

ವರ್ಷಗಳ ಹಿಂದೆ, ತಾಯಿಫಿನ ಆಸ್ಪತ್ರೆಯೊಂದರ ಮರಗೆಲಸದ ಕೋಣೆ. ಜರಿಯಸ್ ಬಡಗಿ, ಅಬ್ದುಲ್ಲ ಕುಂಞಿ ಬಣ್ಣ ಬಳಿಯುವವನು. ಊರು ಯಾವುದೆಂದು ಕೇಳಿದಾಗ ಮುದುಕ ತಲೆ ಎತ್ತದೆಯೇ, "ಅಲ್ ಕುದ್ಸ್" ಎಂದಿದ್ದ. ಜೆರುಸಲೇಮಿಗೆ ಅರಬರಿಟ್ಟ ಹೆಸರು.

ಅಬ್ದುಲ್ಲ ಕುಂಞಿಯ ಕೈಯ ಬ್ರಷ್ಷು ನಿಂತುಹೋಯಿತು. ಉಮ್ಮ ಸಂಜೆ ಹೊತ್ತು ರಾಗವೆತ್ತಿ ಹಾಡುತ್ತಿದ್ದ ಮಿಅರಾಜಿನ ಹಾಡಿನ ಊರು! ಪ್ರವಾದಿಯವರು ಆಕಾಶಕ್ಕೇರಿದ ಬೈತುಲ್ ಮುಖದ್ದಸ್! ಅಲ್ಲಿ ಹುಟ್ಟಿದವನು ಇಲ್ಲಿ ಕೂತು ಉಳಿ ಮಸೆಯುತ್ತಿದ್ದಾನೆ.

ಆಮೇಲೆ ದಿನವೂ ಚಹಾದ ಹೊತ್ತಿಗೆ ಅವನು ಕಿವಿಯಾಗಿ ಕೂರುತ್ತಿದ್ದ.

"ನಮ್ಮ ಕೆಥೆಡ್ರಲಿನ ಸಂತನ ಹೆಸರೇ ನನಗಿಟ್ಟದ್ದು," ಎನ್ನುತ್ತಿದ್ದ ಜರಿಯಸ್. "ಹಳೆಯ ಪೇಟೆಯ ಗೋಡೆಯಾಚೆ, ಉತ್ತರಕ್ಕೆ. ಕಟ್ಟಿಸಿದವನು ಇಂಗ್ಲೆಂಡಿನ ಬಿಷಪ್. ಕಲ್ಲು ನಮ್ಮ ಗುಡ್ಡದ್ದು, ಬೆವರು ನಮ್ಮ ಅಜ್ಜಂದಿರದು. ದೊಡ್ಡ ಯುದ್ಧದಲ್ಲಿ ತುರ್ಕರು ಬಾಗಿಲು ಹಾಕಿದರು. ಅವರು ಸೋತು ಊರನ್ನೇ ಇಂಗ್ಲಿಷರಿಗೆ ಒಪ್ಪಿಸಿಕೊಟ್ಟಾಗ ಸಹಿ ಬಿದ್ದದ್ದು ಬಿಷಪ್ಪನ ಕೋಣೆಯಲ್ಲಿ, ಅಂತ ನಮ್ಮಜ್ಜ ಹೇಳುತ್ತಿದ್ದ. ಆಮೇಲೆ ಇಂಗ್ಲಿಷರೂ ಹೊರಟುಹೋದರು. ಕಲ್ಲು ಅಲ್ಲೇ ಉಳಿಯಿತು. ಬಿಷಪ್ಪರೂ ನಮ್ಮ ಅರಬರೇ ಆದರು."

"ಚರ್ಚಿನ ಗಂಟೆ, ಮಸೀದಿಯ ಬಾಂಗ್ ಎರಡೂ ಒಟ್ಟಿಗೇ ಬಂದರೆ?"

"ಅವಕ್ಕೆ ಜಗಳ ಇಲ್ಲ. ಪಾಪ, ಪಾರಿವಾಳಗಳಿಗೆ ಕೂರಲು ಪುರುಸೊತ್ತಿಲ್ಲ, ಅಷ್ಟೇ."

ಆ ಚರ್ಚಿನಲ್ಲಿ ಸತ್ತವರಿಗೆ ಹೇಳುವ, ದಾವೂದ್ ನಬಿಯ ಕೀರ್ತನೆಗಳಾದ ಝಬೂರಿನ ಸಾಲುಗಳನ್ನು ಜರಿಯಸ್ ಕೆಲಸದ ನಡುವೆ ಗುನುಗುತ್ತಿದ್ದ. ರಂದದ ಸದ್ದಿನೊಡನೆ ಅವು ಅಬ್ದುಲ್ಲ ಕುಂಞಿಗೆ ಬಾಯಿಪಾಠವಾದವು. "ನಾನು ಹೋದ ದಿನ ಬೇಕಾಗುತ್ತದೆ," ಎಂದು ಮುದುಕ ಒಮ್ಮೆ ನಕ್ಕಿದ್ದ. ಅಬ್ದುಲ್ಲ ಕುಂಞಿಗೆ ನಗು ಬಂದಿರಲಿಲ್ಲ. ಆ ಊರಿನ ಗಾಳಿಯೇ ತನ್ನ ಎದೆಯೊಳಗೆ ಹೊಕ್ಕಂತಾಗಿ ರೋಮ ಎದ್ದಿತ್ತು.

*

ಜರಿಯಸ್ ಈಗ ಆಕಾಶಕ್ಕೆ ಮುಖ ಮಾಡಿ ಮಲಗಿದ್ದ. ಮೇಲೆ ಹತ್ತಿ ಬಂದ ಇಕ್ರಾಮುಲ್ಲಾ ಕೈಯ ಮಣ್ಣು ಕೊಡವಿ, ತಗ್ಗಿದ ದನಿಯಲ್ಲಿ ಹೇಳಿದ:

"ಅಬ್ದುಲ್ಲ ಭಾಯ್, ಮನಸ್ಸಿನಲ್ಲೇ ಹೇಳಿ ಮುಗಿಸಿ. ಗೋಡೆಯಾಚೆ ರಸ್ತೆ. ಐದು ಹೊತ್ತಿನ ನಮಾಜು ತಪ್ಪದ ಮನುಷ್ಯ ಚರ್ಚಿನ ಪ್ರಾರ್ಥನೆ ಹೇಳಿದ ಅಂದ್ರೆ ನಮ್ಮವರೇ ಬಿಡುದಿಲ್ಲ. ಸುದ್ದಿ ನಾಳೆ ನಿಮ್ಮೂರು ಉಳ್ಳಾಲ ಮುಟ್ತದೆ."

"ದಾವೂದ್ ನಬಿ ನಮ್ಮವರಲ್ವಾ?"

"ಹೌದು. ಅದನ್ನು ಊರಿಗೆಲ್ಲ ಬಿಡಿಸಿ ಹೇಳುವವರು ಯಾರು?"

ಊರಿನ ಮಸೀದಿಯ ಮೊದಲ ಸಾಲು, ಅಲ್ಲಿ ಕೂತವರ ಕಣ್ಣುಗಳು, ಎಲ್ಲ ಅಬ್ದುಲ್ಲ ಕುಂಞಿಯ ಕಣ್ಣೆದುರಿಗೆ ಬಂದವು. ಫೋನಿನಲ್ಲಿ ಮರ್ಯಮ್ ಕಾಯುತ್ತಿದ್ದಳು. ಅವನು ಗುಂಡಿಯ ಅಂಚಿನಲ್ಲಿ ಮೊಣಕಾಲೂರಿದ. ಫೋನಿದ್ದ ಕೈಯನ್ನು ಆದಷ್ಟು ಕೆಳಗೆ, ಮುದುಕನ ಮುಖದ ಹತ್ತಿರಕ್ಕೆ ಇಳಿಬಿಟ್ಟು, ದಾವೂದ್ ನಬಿಯ ಮೊದಲ ಸಾಲನ್ನು ಗಂಟಲು ಬಿಚ್ಚಿ ಎತ್ತಿದ. ಗುಂಡಿ ತೋಡಿದವನು ಗುದ್ದಲಿ ಕೆಳಗಿಟ್ಟ.

"ಮೆಲ್ಲಗೆ, ಭಾಯ್! ನಿಮ್ಮ ಕಾಲಿಗೆ ಬೀಳ್ತೇನೆ," ಇಕ್ರಾಮುಲ್ಲಾ ಅಂಗಲಾಚಿದ.

ಸಾಲಿಗೂ ಸಾಲಿಗೂ ನಡುವಿನ ಉಸಿರಿನಲ್ಲಿ ಅಬ್ದುಲ್ಲ ಕುಂಞಿ ಹೇಳಿದ:

"ಇಲ್ಲ. ಆಗುದಿಲ್ಲ."