ಹಿಂಬಾಗಿಲಿಗೆ ಒಟ್ಟಿದ ಪೆಟ್ಟಿಗೆಗಳು

ಮಧ್ಯಾಹ್ನವಾದರೆ ಸಾಕು, ಮಾತ್ರೆ ಅಕ್ಕ ಬಾಗಿಲ ಕಡೆಗೇ ನೋಡುತ್ತ ಕೂರುತ್ತಿದ್ದಳು. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಅವಳಿಗೆ ಬೀದಿಯವರೆಲ್ಲ ಇಟ್ಟ ಹೆಸರು ಅದು. ಯಜಮಾನರು ಊಟಕ್ಕೆಂದು ಮನೆಗೆ ಹೋದರೆ ಒಂದು ನಿದ್ದೆ ತೆಗೆದೇ ವಾಪಸ್ಸು ಬರುವುದು. ಅಷ್ಟು ಹೊತ್ತೂ ಅಂಗಡಿಯಲ್ಲಿ ಅಕ್ಕ ಒಬ್ಬಳೇ. ಬೀದಿ ಬಿಕೋ ಎನ್ನುತ್ತಿರುತ್ತಿತ್ತು.

ಆ ಹೊತ್ತು ನೋಡಿಕೊಂಡೇ ಒಬ್ಬ ಗಂಡಸು ಬರುತ್ತಿದ್ದ. ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ನಿದ್ದೆ ಮಾತ್ರೆ ಕೇಳುತ್ತಿದ್ದ.

"ಡಾಕ್ಟರ ಚೀಟಿ ಇಲ್ದೆ ಕೊಡಕ್ಕಾಗಲ್ಲಪ್ಪ," ಎಂದು ಮೊನ್ನೆ ಅಕ್ಕ ಹೇಳಿದಾಗ ಅವನು ಕೌಂಟರಿನ ಗಾಜಿನ ಮೇಲೆ ಗುದ್ದಿದ.

"ನೀನು ಮನೆಗೆ ಹೋಗೋ ದಾರಿ ನಂಗೊತ್ತು," ಎಂದು ಹೇಳಿ ಹೋದ.

ಯಜಮಾನರಿಗೆ ಹೇಳಿದರೆ ನಕ್ಕುಬಿಟ್ಟರು. "ಅವನೇನು ಹುಲಿನಾ, ಸಿಂಹನಾ? ಕೌಂಟರ್ ಕೆಳಗೆ ದೊಣ್ಣೆ ಇಟ್ಟಿದೀನಲ್ಲಮ್ಮ!"

ಆ ದೊಣ್ಣೆ ಇದುವರೆಗೆ ಹೊಡೆದದ್ದು ಜಿರಳೆಗಳನ್ನು ಮಾತ್ರ.

ಸಂಜೆ ಮನೆಯಲ್ಲಿ ಗಂಡನೂ ಅದೇ ರಾಗ ಎಳೆದ. "ನಿಮ್ಮ ಯಜಮಾನರು ಒಳ್ಳೇವ್ರು ಕಣೇ. ಸುಮ್ನೆ ಜಗಳ ತೆಗೀಬೇಡ. ಕೆಲಸ ಹೋದ್ರೆ?"

ಬಟ್ಟೆ ಮಡಚುತ್ತಿದ್ದ ನಾದಿನಿ ತಲೆಯೆತ್ತಿದಳು. ಅವಳು ಆಸ್ಪತ್ರೆಯಲ್ಲಿ ನರ್ಸ್.

"ಒಳ್ಳೇವ್ರಾದ್ರೆ ಸಾಕೇನಣ್ಣ? ನಮ್ಮಲ್ಲೂ ರೋಗಿ ಕಡೆಯೋರು ಒಬ್ಬ ನರ್ಸ್ ಮೇಲೆ ಕೈ ಮಾಡಿದ್ರು. ಆಮೇಲೇ ಆಸ್ಪತ್ರೆಯೋರು ಬೆಲ್ ಹಾಕಿಸಿದ್ದು, ಒಬ್ರನ್ನೇ ಡ್ಯೂಟಿಗೆ ಬಿಡೋದು ನಿಲ್ಲಿಸಿದ್ದು. ಕೆಲಸ ಕೊಟ್ಟೋರು ಕೆಲಸದವರ ಜೀವಾನೂ ಕಾಯಬೇಕು. ಅದು ಉಪಕಾರ ಅಲ್ಲ, ಅವರ ಕರ್ತವ್ಯ." ಆಮೇಲೆ ಅಕ್ಕನ ಕಡೆ ತಿರುಗಿದಳು. "ಅತ್ತಿಗೆ, ಅವನು ಕೌಂಟರಿನ ಹಲಗೆ ಎತ್ತಿ ಒಳಗೇ ಬಂದ್ಬಿಟ್ರೆ ನೀವು ಎಲ್ಲಿಂದ ಓಡ್ತೀರಾ?"

"ಹಿಂಬಾಗಿಲಿಂದ..." ಎಂದ ಅಕ್ಕನಿಗೆ ಆಗ ಹೊಳೆಯಿತು. ಹಿಂಬಾಗಿಲಿಗೆ ಅಡ್ಡಲಾಗಿ ಕೆಮ್ಮಿನ ಔಷಧಿಯ ಪೆಟ್ಟಿಗೆಗಳು ಆಳೆತ್ತರಕ್ಕೆ ನಿಂತಿದ್ದವು. ಸರಕು ಬಂದಾಗಲೆಲ್ಲ ಯಜಮಾನರು "ಅಲ್ಲೇ ಒಟ್ಟಮ್ಮ" ಎನ್ನುತ್ತಿದ್ದರು. ಒಟ್ಟುತ್ತಿದ್ದವಳು ಅವಳೇ. ತನ್ನ ದಾರಿಯನ್ನು ತಾನೇ ಮುಚ್ಚಿಕೊಂಡಿದ್ದೆನಲ್ಲ ಎಂದು ಅವಳಿಗೆ ಅಳು ಬಂತು. ಗಂಡ ಅವಳ ಪಕ್ಕ ಬಂದು ಕೂತ.

"ನಾಳೆ ನಾನೂ ಬರ್ತೀನಿ, ನಡಿ," ಎಂದ.

ಮರುದಿನ ಅಂಗಡಿಯಲ್ಲಿ ಅಕ್ಕ ಯಜಮಾನರ ಮುಂದೆ ನಿಂತಳು. "ಸಾರ್, ಒಂದೇ ನಿಮಿಷ ನನ್ನ ಜಾಗದಲ್ಲಿ ನಿಂತ್ಕೊಳ್ಳಿ."

ಯಜಮಾನರು ಕೌಂಟರಿನ ಒಳಗೆ ಹೋದರು. ಗಂಡ ತನ್ನ ಹೆಲ್ಮೆಟ್ ಹಾಕಿಕೊಂಡು ಹಲಗೆಯ ಹತ್ತಿರ ಅಡ್ಡ ನಿಂತ.

"ಈಗ ಹೊರಗೆ ಬನ್ನಿ ಸಾರ್," ಎಂದಳು ಅಕ್ಕ.

ಯಜಮಾನರು ನಗುತ್ತಲೇ ಹಿಂದೆ ತಿರುಗಿದರು. ಪೆಟ್ಟಿಗೆಗಳನ್ನು ತಳ್ಳಿದರು. ಅವು ಅಲುಗಲಿಲ್ಲ. ಮತ್ತೆ ಮುಂದೆ ತಿರುಗಿದರೆ ಹೆಲ್ಮೆಟ್ ಅಲ್ಲೇ ಇತ್ತು. ನಗು ನಿಂತುಹೋಯಿತು.

"ಸಾಕು, ತೆಗಿಯಪ್ಪ ಅದನ್ನ," ಎಂದವರು ಅಕ್ಕನ ಮುಖ ನೋಡಲಾರದೆ ನಿಂತರು. "ಇಷ್ಟು ದಿನ ನಿನ್ನನ್ನ ಇಲ್ಲಿ ಕೂಡಿಹಾಕಿ ಊಟಕ್ಕೆ ಹೋಗ್ತಿದ್ನೇನಮ್ಮ?"

ಅವತ್ತೇ ಪೆಟ್ಟಿಗೆಗಳು ಜಾಗ ಬಿಟ್ಟವು. ಗುಂಡಿ ಒತ್ತಿದರೆ ಪಕ್ಕದ ಟೈಲರ್ ಅಂಗಡಿಯಲ್ಲಿ ಸದ್ದಾಗುವಂಥ ಬೆಲ್ ಬಂತು. ಯಜಮಾನರೇ ಅಕ್ಕನ ಜೊತೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ಅವರ ಊಟದ ಡಬ್ಬಿ ಅಂಗಡಿಗೇ ಬರತೊಡಗಿತು. ಪಾಪ, ಮಧ್ಯಾಹ್ನದ ನಿದ್ದೆ ಮಾತ್ರ ತಪ್ಪಿಹೋಯಿತು.

ಹೆಲ್ಮೆಟ್‌ನವನು ಇನ್ನೊಂದು ಸಲ ಬಂದ. ಒಳಗೆ ಇಬ್ಬರನ್ನು ನೋಡಿ ಹಾಗೇ ಹೊರಟುಹೋದ. ಅವನು ಹೋದ ಮೇಲೂ ಅಕ್ಕ ಬೆಲ್‌ನ ಗುಂಡಿಯಿಂದ ಕೈ ತೆಗೆಯಲಿಲ್ಲ. ಹೆದರಿಕೆ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಆದರೆ ಅವಳು ತಿರುಗಿ ನೋಡಿದಾಗ ಹಿಂಬಾಗಿಲು ತೆರೆದಿತ್ತು, ಹಿತ್ತಲಿನ ಬಿಸಿಲು ಕಾಣುತ್ತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಕೆಲಸದ ಜಾಗದಲ್ಲಿ ಯಾರಾದರೂ ಬೆದರಿಸಿದರೆ ಒಳಗೊಳಗೇ ನುಂಗಿಕೊಳ್ಳಬೇಡಿ. ಯಜಮಾನರಿಗೆ ಹೇಳಿ. ನಕ್ಕರೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ಮತ್ತೆ ಹೇಳಿ. ಯಜಮಾನರೇ, ನೀವು ಇವತ್ತೇ ನಿಮ್ಮ ಕೆಲಸದವರ ಜಾಗದಲ್ಲಿ ಒಂದು ನಿಮಿಷ ನಿಂತು ನೋಡಿ. ನಿಮಗೆ ಹೊರಬರುವ ದಾರಿ ಕಾಣದಿದ್ದರೆ, ಅವರಿಗೂ ಕಾಣುವುದಿಲ್ಲ.